ಕೆಚ್ಚು

ನಿಜ್ವಾ ಊರಿನ ಹೊರಗೆ, ಫಲಜ್ ಕಾಲುವೆ ತಿರುಗುವಲ್ಲಿ
ತಗಡಿನ ಶೆಡ್ಡು. ಬಾಗಿಲಿಗೆ ಬೋರ್ಡಿಲ್ಲ.
ಒಳಗೆ ಎರಡು ಕುಕ್ಕರು. ಕುಕ್ಕರೆನ್ನುವುದು ನಾನು,
ರಿಯಾಕ್ಟರು ಎಂದು ತಿದ್ದುವುದು ಖಾಲ್ಸಾ ಮೇಡಂ.

ಮುಂಜಾನೆ ಸುಲೈಯಂ ಮುದುಕ ಪಿಕಪ್ಪಿನಲ್ಲಿ
ಖರ್ಜೂರದ ಗರಿ ತಂದು ಸುರಿಯುತ್ತಾನೆ,
ಕಡಿದು ವರುಷವಾದ ಬುಡಗಳು, ಒಣಗಿ ಕಲ್ಲಾದವು.
ಇವನ್ನೆಲ್ಲ ನಾವು ಸುಡುತ್ತಿದ್ದೆವು, ಎನ್ನುತ್ತಾನೆ,
ಹೊಗೆಗೆ ಸೊಳ್ಳೆಯಾದರೂ ಓಡುತ್ತಿತ್ತು.
ನೀವು ಬೇಯಿಸಿ ಏನನ್ನು ಓಡಿಸುತ್ತೀರಿ?

ಉತ್ತರ ಹೇಳುವಷ್ಟು ಅರಬಿ ನನಗೆ ಬಾರದು.
ಕಾಗದಕ್ಕೆ ಬೇಕಾದ ನಾರು ಬೇರೆ,
ಮರವನ್ನು ನೆಟ್ಟಗೆ ನಿಲ್ಲಿಸಿದ ಅಂಟು ಬೇರೆ.
ಗೆದ್ದಲು ಕೂಡ ಸಿಹಿಯನ್ನಷ್ಟು ತಿಂದು
ಆ ಅಂಟನ್ನು ಬಿಟ್ಟೇಳುತ್ತದೆ.
ಲಿಗ್ನಿನ್ ಎಂದು ಬಾಟಲಿಯ ಮೇಲೆ ಬರೆದಿದ್ದಾರೆ.
ಕನ್ನಡದಲ್ಲಿ ಏನೆನ್ನಲಿ ಎಂದು ವಾರವೆಲ್ಲ ಹುಡುಕಿದೆ.
ಬಟ್ಟೆ ಒಗೆಯುವಾಗ ಸಿಕ್ಕಿತು: ಕೆಚ್ಚು.

ಮರದ ಗಟ್ಟಿ ತಿರುಳಿಗೂ ಅದೇ ಮಾತು, ಎದೆಗೂ ಅದೇ.
ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಮತ್ತೊಂದಿತ್ತು:
ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆ
ಒಂದೊಂದಾಗಿ ಹೊಸೆದು ಕೂಡಿಸುವುದು, ಕೆಚ್ಚುವುದು.
ಬೂದಿ ಮುಟ್ಟಿದ ಬೆರಳಲ್ಲಿ ಅವ್ವ
ಸಂಜೆಯೊಳಗೆ ಎರಡು ಸಾವಿರ ಎಳೆ ಕೆಚ್ಚುತ್ತಿದ್ದಳು,
ನಡುವೆ ಮಾತಾಡಿಸಿದರೆ ಬೈಯುತ್ತಿದ್ದಳು.

ನನ್ನ ಕೆಲಸ ಅವಳದಕ್ಕೆ ಉಲ್ಟಾ:
ಕೆಚ್ಚಿದ್ದನ್ನು ಬಿಚ್ಚುವುದು.
ಕಾಸ್ಟಿಕ್ ಸೋಡಾದ ನೀರು, ನೂರ ಎಪ್ಪತ್ತು ಡಿಗ್ರಿ, ಮೂರು ತಾಸು.
ಮಗ್ಗದ ಬಟ್ಟೆಯಾದರೆ ಎಲ್ಲಿ ಎಳೆದರೆ
ಬಿಚ್ಚೀತೆಂದು ಕೈಗೆ ಗೊತ್ತಿರುತ್ತದೆ.
ಇದಕ್ಕೆ ಹಾಸಿಲ್ಲ, ಹೊಕ್ಕಿಲ್ಲ,
ಒಂದು ಗಂಟು ಇನ್ನೊಂದರಂತಿಲ್ಲ.
ಬಿಸಿ ಕಡಿಮೆಯಾದರೆ ಬಾಯಿ ಬಿಡುವುದಿಲ್ಲ,
ಹೆಚ್ಚಾದರೆ ಬಿಚ್ಚಿದ ತುಂಡುಗಳೇ ಮತ್ತೆ
ಒಂದನ್ನೊಂದು ಹಿಡಿದು, ಮೊದಲಿಗಿಂತ ಬಿಗಿಯಾಗಿ,
ತಳದಲ್ಲಿ ಇದ್ದಿಲಾಗಿ ಕೂರುತ್ತವೆ.
ಹನ್ನೊಂದು ಸಲ ಇದ್ದಿಲು ಕೆರೆದೆ.

ಸರಿಯಾಗಿ ಬೆಂದ ದಿನ, ವಾಲ್ವು ತಿರುಗಿಸಿದರೆ
ಡಾಂಬರಿನಂಥ ಕಪ್ಪು ನೀರು.
ಆಮ್ಲ ಹನಿಸುತ್ತ ಕಲಕಿದರೆ ಹಾಲಿನಂತೆ ಒಡೆದು
ಕಂದು ಹುಡಿ ಮೆಲ್ಲಗೆ ಕೆಳಗಿಳಿಯುತ್ತದೆ,
ಅಂಗೈಯಲ್ಲಿಟ್ಟರೆ ನಶ್ಯದಷ್ಟು ಹಗುರ.
ಮೂವತ್ತು ಅಡಿ ಮರವನ್ನು
ಅಷ್ಟು ಬಿಸಿಗಾಳಿಯಲ್ಲಿ ಹಿಡಿದು ನಿಂತದ್ದು ಇದೇ ಏನು?

ಆ ಗುರುವಾರ ಹುಡಿಗೆ ಒಂದು ಚಿಟಿಕೆ ಮೈಲುತುತ್ತ ಬೆರೆಸಿ
ಆಮ್ಲಜನಕ ಊದಿ, ಮತ್ತೆ ಕುದಿಸಿ, ತಣಿಸಿ
ಆಮ್ಲ ಹನಿಸಿದ್ದೆವು ಅಷ್ಟೇ.
ನೆಲ ಒರೆಸುತ್ತಿದ್ದ ಮೋಖ್ಲೆಸ್ ತಲೆಯೆತ್ತಿ
ಯಾರ ಹುಟ್ಟುಹಬ್ಬ, ಭಾಯ್? ಎಂದ.
ವೆನಿಲ್ಲಾ.
ಬೇಕರಿಯ ಬಾಗಿಲು ತೆರೆದ ಹಾಗೆ.
ಖಾಲ್ಸಾ ಮೇಡಂ ಕನ್ನಡಕ ತೆಗೆದು ಒರೆಸಿ
ಮತ್ತೆ ಹಾಕಿಕೊಂಡರು, ಏನೂ ಅನ್ನಲಿಲ್ಲ.
ಹತ್ತು ಕಿಲೋ ಗರಿಗೆ
ಕೊನೆಗೆ ಉಳಿದ ಬಿಳಿ ಹರಳು ಒಂದು ಹಿಡಿಯೂ ಇಲ್ಲ.

ಮಿಕ್ಕ ಹುಡಿಗೆ ಗಿರಾಕಿಗಳು ಬೇರೆ.
ಹಲಗೆ ಕಂಪನಿಯವರು ಅಂಟಿಗೆ ಒಯ್ದರು,
ಇನ್ಯಾರೋ ಬ್ಯಾಟರಿಗೆ ಇಂಗಾಲ ಮಾಡುತ್ತಾರಂತೆ,
ರಸ್ತೆಯವರು ಡಾಂಬರಿಗೆ ಬೆರೆಸಿ
ಶೆಡ್ಡಿನಿಂದ ಕಾಲುವೆಯವರೆಗೆ ನೂರ ಹತ್ತು ಹೆಜ್ಜೆ
ಪರೀಕ್ಷೆಗೆಂದು ಹಾಕಿ ಹೋದರು.
ಸುಲೈಯಂ ಮುದುಕ ಈಗ ಅದರ ಮೇಲೆ ಗಾಡಿ ಹತ್ತಿಸುವುದಿಲ್ಲ,
ಆಚೆಗೇ ನಿಲ್ಲಿಸಿ, ಗರಿ ಹೊತ್ತು ನಡೆದು ಬರುತ್ತಾನೆ.
ನನ್ನಜ್ಜ ನೆಟ್ಟ ಮರ, ಎನ್ನುತ್ತಾನೆ.
ಅಷ್ಟು ಅರಬಿ ನನಗೆ ಬರುತ್ತದೆ.

ರೂಮಿನ ಕಿಟಕಿಗೆ ಬಿಸಿಲು ತಡೆಯಲು
ಎರಡು ವರುಷದ ಕೆಳಗೆ ಅಂಟಿಸಿದ ಕನ್ನಡ ಪೇಪರು,
ಹಪ್ಪಳ ಸುತ್ತಿ ಅವ್ವ ಕಳಿಸಿದ್ದು.
ಹಳದಿಯಾಗಿದೆ, ಅಂಚು ಮುಟ್ಟಿದರೆ ಉದುರುತ್ತದೆ,
ಸೆಕೆಂಡ್ ಹ್ಯಾಂಡ್ ಮಗ್ಗದ ಜಾಹೀರಾತು ಇನ್ನೂ ಓದಬಹುದು.
ಬಿಸಿಲು ಅಲ್ಲಿ ನಮ್ಮದೇ ಕೆಲಸ ಮಾಡುತ್ತಿದೆ
ಕುಕ್ಕರಿಲ್ಲದೆ, ಸಂಬಳವಿಲ್ಲದೆ, ಅವಸರವೂ ಇಲ್ಲದೆ.
ರಾತ್ರಿ ಮೂಗು ತಾಗಿಸಿ ನೋಡಿದೆ.
ಇಂಗು.
ಇಂಗಿನ ಹಿಂದೆ, ಬಹಳ ಹಿಂದೆ, ಅದೇ ಬೇಕರಿ.
ಇಲ್ಲವೇ ಅದು ನನ್ನ ಅಂಗಿಯದೇ ಇರಬೇಕು.